ಮೊಳೆತ ರಾಗಿಯೂ ಸುಂಕದ ಅಂಕೆಯೂ

ರಾಗಿಯನ್ನು ನೆನೆಯಿಟ್ಟು, ಒದ್ದೆಬಟ್ಟೆಯಲ್ಲಿ ಕಟ್ಟಿ ಮೊಳೆಯಿಸಿ, ಒಣಗಿಸಿ, ಮೊಳಕೆಯನ್ನು ಉಜ್ಜಿ ತೂರಿ, ಹದವಾಗಿ ಹುರಿದು ಬೀಸಿಟ್ಟುಕೊಳ್ಳುವ ವಿದ್ಯೆ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯ ಹೆಂಗಸರಿಗೆ ಹೊಸದಲ್ಲ. ಎಳೆಮಕ್ಕಳ ರಾಗಿ ಸರಿಯು ಈ ಹಿಟ್ಟಿನಿಂದಲೇ ಆಗತಕ್ಕದ್ದು. ಇಷ್ಟು ಕಾಲವೂ ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಈಗ ಅದೇ ಹಿಟ್ಟು ಡಬ್ಬಿಯಲ್ಲಿ ಸೇರಿ, ‘ರಾಗಿ ಮಾಲ್ಟ್’ ಎಂಬ ಹೆಸರು ಹೊತ್ತು, ಪರದೇಶದಲ್ಲಿ ನೆಲಸಿರುವ ಕನ್ನಡಿಗರ ಮನೆಗಳಿಗೆ ಹಡಗಿನಲ್ಲಿ ಹೋಗಬೇಕಾದರೆ ಒಂದು ಅಂಕೆ ಬೇಕು. ಆ ಅಂಕೆ ಯಾವುದೆಂಬ ಪ್ರಶ್ನೆಯನ್ನು ನಮ್ಮ ವಾಚಕರು ಶುಷ್ಕವಾದ ಕಛೇರಿ ವಿಚಾರವೆಂದು ಪುಟ ತಿರುಗಿಸಬಾರದೆಂದು ಬೇಡುತ್ತೇವೆ. ಒಣಭೂಮಿಯ ರೈತನ ಸಂಪಾದನೆ ಅದರಲ್ಲಿ ಸಿಕ್ಕಿಕೊಂಡಿದೆ.

ಸರಕುಗಳನ್ನೆಲ್ಲ ಅಂಕೆಗಳಿಂದ ಗುರುತಿಸುವ ಪದ್ಧತಿಯು ಬ್ರಸೆಲ್ಸ್ ನಗರದಲ್ಲಿ ೧೯೮೩ರಲ್ಲಿ ಆದ ಒಪ್ಪಂದದಿಂದ ಹುಟ್ಟಿ, ೧೯೮೮ರ ಜನವರಿ ೧ರಿಂದ ಜಾರಿಗೆ ಬಂದಿತು. ಭಾರತವು ೧೯೮೬ರಲ್ಲಿಯೇ ತನ್ನ ಸುಂಕದ ಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಂಡಿತು. ಮೊದಲ ಆರು ಅಂಕೆಗಳು ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳಿಗೆಲ್ಲ ಸಮಾನ. ಕಡೆಯ ಎರಡು ನಮ್ಮ ಸರ್ಕಾರದ ಸ್ವಾಧೀನ. ಈ ಪಟ್ಟಿಯಲ್ಲಿ ರಾಗಿಯ ಕಾಳು ೧೦೦೮ನೆಯ ಶೀರ್ಷಿಕೆಯಲ್ಲಿದೆ, ರಾಗಿಹಿಟ್ಟು ೧೧೦೨ರಲ್ಲಿದೆ, ಮಾಲ್ಟ್ ೧೧೦೭ರಲ್ಲಿದೆ. ಆ ೧೧೦೭ರೊಳಗೆ ಹುರಿಯದ ಮಾಲ್ಟ್, ಹುರಿದ ಮಾಲ್ಟ್ ಎಂಬ ಎರಡೇ ಭೇದ. ಸಕ್ಕರೆ, ಹಾಲಿನ ಪುಡಿಗಳನ್ನು ಬೆರೆಸಿದರೆ ಸರಕು ೧೯೦೧ಕ್ಕೆ ಜಿಗಿಯುತ್ತದೆ. ಹುರಿದ ಮಾಲ್ಟನ್ನು ಕಾಫಿಯ ಬದಲಿಗೆಂದು ಪೊಟ್ಟಣ ಕಟ್ಟಿದಿರೋ, ಅದು ೨೧೦೧ನೆಯ ಶೀರ್ಷಿಕೆ ಸೇರುತ್ತದೆ. ಧಾನ್ಯ ಒಂದೇ, ಮನೆ ಐದು!

ಇಲ್ಲಿ ನಮ್ಮವರು ಎಡವುವ ಸ್ಥಳವನ್ನು ಸ್ಪಷ್ಟವಾಗಿ ಹೇಳಬೇಕು. ಸುಂಕದ ಶಾಸ್ತ್ರದಲ್ಲಿ ಮಾಲ್ಟ್ ಎಂದರೆ ಮೊಳೆತ ಧಾನ್ಯ. ಮೊಳಕೆಯಿಲ್ಲದೆ ಮಾಲ್ಟ್ ಇಲ್ಲ. ನಮ್ಮ ಪೇಟೆಯಲ್ಲಾದರೋ ಆ ಶಬ್ದಕ್ಕೆ ಕಟ್ಟುನಿಟ್ಟೇ ಇಲ್ಲ. ಬರಿಯ ರಾಗಿಹಿಟ್ಟನ್ನು ಹಾಲುಬೆಲ್ಲದಲ್ಲಿ ಕಾಯಿಸಿಕೊಟ್ಟು ಹೋಟೆಲಿನವರು ಅದನ್ನು ರಾಗಿ ಮಾಲ್ಟ್ ಎನ್ನುತ್ತಾರೆ; ಹುರಿಹಿಟ್ಟಿನ ಪೊಟ್ಟಣದ ಮೇಲೂ ಅದೇ ಹೆಸರು ಅಚ್ಚಾಗುತ್ತದೆ. ಮೊಳೆಯದ ಹಿಟ್ಟನ್ನು ಮಾಲ್ಟ್ ಎಂದು ಬರೆದು ಕಳುಹಿಸಿದರೆ ಅದು ತಪ್ಪು ಘೋಷಣೆ. ಮೊಳೆಯಿಸಿ ಬೀಸಿದ್ದನ್ನು ಬರಿಯ ಹಿಟ್ಟೆಂದು ಕಳುಹಿಸಿದರೂ ತಪ್ಪು ಘೋಷಣೆಯೇ. ಪರದೇಶದ ಬಂದರಿನಲ್ಲಿ ಕಂಟೇನರ್ ತಡೆದುನಿಂತಾಗ ಡೆಮರೇಜ್ ಏರುವುದು ದಿನದ ಲೆಕ್ಕದಲ್ಲಿ. ದೊಡ್ಡ ಕಂಪೆನಿ ಅದನ್ನು ತಡೆದುಕೊಂಡೀತು. ಹತ್ತು ಹೆಂಗಸರ ಸ್ವಸಹಾಯ ಸಂಘಕ್ಕೆ ಒಂದೇ ಕಂಟೇನರು ಸಾಕು, ಬಾಗಿಲು ಮುಚ್ಚಲು.

ಮೊಳಕೆಯ ಭೇದ ಹೆಸರಿಗೆ ಮಾತ್ರವಾದುದಲ್ಲ. ರಾಗಿ ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವವು ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ; ಗಂಜಿ ತೆಳುವಾಗುತ್ತದೆ; ಅದೇ ಬಟ್ಟಲಿನಲ್ಲಿ ಕೂಸು ಹೆಚ್ಚು ಹಿಟ್ಟಿನ ಸಾರವನ್ನು ಕುಡಿಯಬಲ್ಲದು. ಮಿತಿಮೀರಿ ಹುರಿದರೆ ಈ ಗುಣ ನಾಶವಾಗುತ್ತದೆ. ಬಿಯರ್ ತಯಾರಿಸುವವರು ಬಾರ್ಲಿಯ ಮಾಲ್ಟನ್ನು ಕಪ್ಪಾಗುವಂತೆ ಹುರಿಯುವುದು ಬಣ್ಣಕ್ಕಾಗಿ, ರುಚಿಗಾಗಿ. ನಮ್ಮವರು ರಾಗಿಯನ್ನು ಘಮ್ಮೆನ್ನುವಷ್ಟೇ ಹುರಿಯುವುದು ಕೂಸಿನ ಹೊಟ್ಟೆಗಾಗಿ. ಆದರೂ ಬೆಂಗಳೂರಿನ ಬಿಯರ್ ಮನೆಗೆ ಹೊರದೇಶದಿಂದ ಇಳಿಯುವ ಕರಿಯ ಮಾಲ್ಟಿಗೂ ಗುಂಡ್ಲುಪೇಟೆಯ ತಾಯಿಯ ರಾಗಿಗೂ ಸುಂಕದ ಪುಸ್ತಕದಲ್ಲಿ ಒಂದೇ ಆಸನ! ಎಷ್ಟು ಬಿಸಿ ತಗುಲಿದರೆ ‘ಒಣಗಿಸಿದ್ದು’ ಹೋಗಿ ‘ಹುರಿದದ್ದು’ ಆಗುವುದೆಂಬ ಎಲ್ಲೆಯೂ ಬಾಣಲೆಯ ಮುಂದೆ ಕುಳಿತವರಿಗೆ ತಿಳಿಯುವಂತೆ ಬರೆದಿಲ್ಲ.

ಈ ಅಂಕೆಗಳು ಬಂದರಿನಲ್ಲಿಯೇ ನಿಲ್ಲುವುದಿಲ್ಲ. ೨೦೧೭ರಲ್ಲಿ ಬಂದ ಸರಕು ಮತ್ತು ಸೇವಾ ತೆರಿಗೆಯೂ ಇದೇ ಪಟ್ಟಿಯನ್ನು ಹಿಡಿದು ನಡೆಯುತ್ತದೆ. ಪೊಟ್ಟಣ ಕಟ್ಟಿ ಹೆಸರು ಹಚ್ಚಿದ ರಾಗಿಹಿಟ್ಟಿಗೆ ಶೇಕಡ ೫. ಅದೇ ರಾಗಿಯನ್ನು ಮೊಳೆಯಿಸಿ ಬೀಸಿದರೆ ೧೧೦೭ರ ಮಾಲ್ಟಾಗಿ ಶೇಕಡ ೧೮. ಎರಡು ದಿನ ಒದ್ದೆಬಟ್ಟೆಯಲ್ಲಿ ಇಟ್ಟ ತಪ್ಪಿಗೆ ನೂರಕ್ಕೆ ಹದಿಮೂರು ರೂಪಾಯಿ ದಂಡ! ವಿಶ್ವಸಂಸ್ಥೆಯು ಭಾರತದ ಸೂಚನೆಯ ಮೇರೆಗೆ ಸಾರಿದ ಸಿರಿಧಾನ್ಯಗಳ ವರ್ಷ ೨೦೨೩. ಆ ವರ್ಷದ ಅಕ್ಟೋಬರ್ ೭ರಂದು ತೆರಿಗೆ ಮಂಡಲಿಯು, ತೂಕದಲ್ಲಿ ಶೇಕಡ ೭೦ಕ್ಕೆ ಕಡಮೆಯಿಲ್ಲದೆ ಸಿರಿಧಾನ್ಯವಿರುವ ಪುಡಿಗೆ ಪೊಟ್ಟಣದಲ್ಲಿ ಶೇಕಡ ೫, ಬಿಡಿಯಾಗಿ ಮಾರಿದರೆ ತೆರಿಗೆಯೇ ಇಲ್ಲ ಎಂದು ನಿರ್ಣಯಿಸಿತು. ನಿರ್ಣಯ ಸ್ತುತ್ಯವೇ. ಆದರೆ ಆ ರಿಯಾಯಿತಿ ೧೯೦೧ನೆಯ ಶೀರ್ಷಿಕೆಗೆ ಸೇರಿದುದು. ಅಕ್ಷರಶಃ ಓದಿದವರಿಗೆ, ಮಿಶ್ರಮಾಡಿದ ಪುಡಿಗೆ ಸಿಕ್ಕ ದಯೆ ಅಪ್ಪಟ ರಾಗಿಯ ಮಾಲ್ಟಿಗೆ ಸಿಕ್ಕಲಿಲ್ಲ. ಮಾಲ್ಟಿನ ತೆರಿಗೆ ೧೮ರಿಂದ ೫ಕ್ಕೆ ಇಳಿಯಲು ೨೦೨೫ರ ಸೆಪ್ಟೆಂಬರ್ ೨೨ರವರೆಗೆ ಕಾಯಬೇಕಾಯಿತು.

ಒಳನಾಡಿನ ತೆರಿಗೆಯ ತೊಡಕು ಹೀಗೆ ಸಡಿಲಿತು. ನಿರ್ಯಾತದ ತೊಡಕು ಸಡಿಲಿಲ್ಲ. ೧೧೦೭ರಲ್ಲಿ ಸರ್ಕಾರದ ಕೈಯಲ್ಲಿರುವ ಕಡೆಯ ಎರಡು ಸ್ಥಾನಗಳು ಬರಿಯ ಸೊನ್ನೆಗಳಾಗಿ ಕುಳಿತಿವೆ. ಬಾರ್ಲಿ ಎಷ್ಟು, ರಾಗಿ ಎಷ್ಟು ಎಂದು ಬೇರ್ಪಡಿಸುವ ಸಾಧನವೇ ಇಲ್ಲ. ನಿರ್ಯಾತಗಾರರಿಗೆ ತೆರಿಗೆಯನ್ನು ಹಿಂದಿರುಗಿಸುವ ೨೦೨೧ರ ಯೋಜನೆಯ ದರಗಳೂ ಇದೇ ಎಂಟು ಅಂಕೆಗಳನ್ನು ನೋಡಿ ನಿಗದಿಯಾಗತಕ್ಕವು. ಲೆಕ್ಕದಲ್ಲಿ ಕಾಣದ ಸರಕಿನ ಪರವಾಗಿ ದಿಲ್ಲಿಯಲ್ಲಿ ವಾದಿಸುವವರು ಯಾರು? ದೇಶದಲ್ಲಿ ಎಲ್ಲ ರಾಜ್ಯಗಳಿಗಿಂತ ಹೆಚ್ಚು ರಾಗಿ ಬೆಳೆಯುವುದು ಕರ್ನಾಟಕ. ಆಫ್ರಿಕದ ತಳಿಗಳನ್ನು ನಮ್ಮ ತಳಿಗಳೊಡನೆ ಕೂಡಿಸಿ ಇಂಡಾಫ್ ರಾಗಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ದುಡಿದದ್ದು ನೆರೆಯ ಮಂಡ್ಯದಲ್ಲಿ. ೨೦೨೫–೨೬ನೆಯ ಸಾಲಿಗೆ ಕೇಂದ್ರವು ರಾಗಿಗೆ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ ೪,೮೮೬ ರೂಪಾಯಿ. ಕಾಳನ್ನು ಕಾಳಾಗಿಯೇ ಮಾರುವವನಿಗೆ ಅದೇ ಗಡಿ. ಅದಕ್ಕೂ ಮೀರಿದ ಲಾಭವಿರುವುದು ಮೊಳಕೆಯಲ್ಲಿ, ಹುರಿಯುವುದರಲ್ಲಿ, ಡಬ್ಬಿಯಲ್ಲಿ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ಮೈಸೂರು ಸೀಮೆಯ ಹಾದಿಹಾದಿಗೂ ಸಾಯರಿನ ಕಟ್ಟೆಗಳಿದ್ದ ಕಾಲಕ್ಕೆ ಅದು ನಿಜವಿದ್ದೀತು. ಈಗ ಸುಖದುಃಖ ಬೇಡ, ಕ್ರಮವನ್ನು ಹೇಳಿದರೆ ಕೇಳುವ ಏರ್ಪಾಡುಂಟು. ಸರಕನ್ನು ಕಳುಹಿಸುವ ಮೊದಲೇ ಅದರ ವರ್ಗವನ್ನು ತೀರ್ಮಾನಿಸಿಕೊಡುವ ಸುಂಕದ ಪೂರ್ವನಿರ್ಣಯ ಪ್ರಾಧಿಕಾರಗಳು ದಿಲ್ಲಿ, ಮುಂಬಯಿಗಳಲ್ಲಿವೆ. ಮೂರು ತಿಂಗಳಲ್ಲಿ ಉತ್ತರ ಕೊಡಬೇಕೆಂಬ ವಿಧಿಯೂ ಇದೆ. ಆದರೆ ಗುಂಡ್ಲುಪೇಟೆಯ ಸಂಘದವರು ಮುಂಬಯಿಗೆ ಅರ್ಜಿ ಬರೆಯುವುದು ಹೇಗೆ? ಈ ಕೆಲಸವನ್ನು ಜಿಲ್ಲಾ ಕೈಗಾರಿಕಾ ಕೇಂದ್ರದವರು ಮೈಮೇಲೆ ಹಾಕಿಕೊಳ್ಳಬೇಕು. ಧಾನ್ಯ ಮೊಳೆತಿತ್ತೇ ಇಲ್ಲವೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡಬಲ್ಲ ವಿದ್ವಾಂಸರು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿದ್ದಾರೆ. ೧೯೫೦ರಿಂದ ಆ ಸಂಸ್ಥೆ ನಮ್ಮ ಬಾಗಿಲಲ್ಲೇ ಇದೆ. ತಯಾರಕರೂ ಮೊಳೆಯದ ಹಿಟ್ಟಿನ ಡಬ್ಬಿಯ ಮೇಲಿಂದ ಮಾಲ್ಟ್ ಎಂಬ ಶಬ್ದವನ್ನು ಇಂದೇ ಅಳಿಸಲಿ.

ಸುಂಕದ ಪಟ್ಟಿಯನ್ನು ತಿದ್ದುವ ಪ್ರಸ್ತಾಪಗಳು ಸಾಮಾನ್ಯವಾಗಿ ಫೆಬ್ರವರಿಯ ಆಯವ್ಯಯದೊಡನೆ ಪಾರ್ಲಿಮೆಂಟಿನ ಮುಂದೆ ಬರುತ್ತವೆ. ೧೧೦೭ರ ಕಡೆಯ ಸೊನ್ನೆಗಳ ಜಾಗದಲ್ಲಿ ಸಿರಿಧಾನ್ಯದ ಮಾಲ್ಟಿಗೊಂದು ಪ್ರತ್ಯೇಕ ಸಾಲನ್ನು ಬರೆಯಿಸಲು ಬೊಕ್ಕಸದಿಂದ ಒಂದು ಕಾಸೂ ಖರ್ಚಿಲ್ಲ. ಚಾಮರಾಜನಗರವನ್ನು ಲೋಕಸಭೆಯಲ್ಲಿ ಪ್ರತಿನಿಧಿಸುವವರು ಮುಂದಿನ ಆಯವ್ಯಯದ ಮೊದಲೇ ಅರ್ಥಸಚಿವಾಲಯಕ್ಕೆ ಈ ಬೇಡಿಕೆಯನ್ನು ಲಿಖಿತದಲ್ಲಿ ಕೊಡಲಿ, ಕೊಟ್ಟ ಪತ್ರವನ್ನು ಕ್ಷೇತ್ರದ ಜನರಿಗೆ ತೋರಿಸಲಿ.