ಗೇಣುದ್ದದ ಎಂಜಿನ್ನು

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಗೆ ಇಂದಿಗೂ ರೈಲುಹಾದಿಯಿಲ್ಲ. ಅಲ್ಲಿಯ ಮಕ್ಕಳು ನಿಜವಾದ ಎಂಜಿನ್ನನ್ನು ಕಾಣಬೇಕಾದರೆ ಕೃಷ್ಣರಾಜನಗರದ ನಿಲ್ದಾಣಕ್ಕೋ ಮೈಸೂರಿಗೋ ಬರಬೇಕು. ಅದಕ್ಕೂ ಮೊದಲು ಕೈಗೆ ಬರುವುದು ಆಟದ ಎಂಜಿನ್ನು. ಜಾತ್ರೆಯ ತಗಡಿನ ಬಂಡಿಯ ಮಾತಲ್ಲ ಇದು. ಲೆಕ್ಕಹಾಕಿ ಕಿರಿದುಗೊಳಿಸಿದ, ನೋಡಿದವರು ‘ಇದೇ ಅದು’ ಎನ್ನುವಂಥ ಮಾದರಿಯ ಮಾತು. ಅದು ಎಷ್ಟರಮಟ್ಟಿಗೆ ‘ಅದೇ’?

ನಮ್ಮ ದೇಶಕ್ಕೆ ೧೯೬೨ರಲ್ಲಿ ಬಂದ ಡಬ್ಲ್ಯು.ಡಿ.ಎಂ.-೨ ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಉದ್ದ ಸುಮಾರು ೧೭ ಮೀಟರು, ತೂಕ ಸುಮಾರು ೧೧೩ ಟನ್ನು. ‘ಎಚ್.ಒ.’ ಎಂಬ ಪ್ರಸಿದ್ಧ ಅಳತೆಯಲ್ಲಿ ನಿಜದ ೮೭ ಅಂಗುಲಕ್ಕೆ ಮಾದರಿಯಲ್ಲಿ ಒಂದಂಗುಲ. ಎಂಜಿನ್ನು ಗೇಣುದ್ದಕ್ಕಿಳಿಯುತ್ತದೆ. ತೂಕವನ್ನಾದರೋ ೮೭ರಿಂದ ಮೂರು ಸಲ ಭಾಗಿಸಬೇಕು. ಉಳಿಯುವುದು ೧೭೦ ಗ್ರಾಮು ಚಿಲ್ಲರೆ. ಇಷ್ಟು ಹಗುರವಾದರೆ ಗಾಲಿ ಹಳಿಯನ್ನು ಹಿಡಿಯದೆ ಸುಮ್ಮನೆ ಸುತ್ತೀತು. ಆದ್ದರಿಂದ ಒಳಗೆ ಲೋಹದ ತುಂಡನ್ನು ಬಚ್ಚಿಡುತ್ತಾರೆ.

ತಿರುವಿನದು ಇನ್ನೂ ದೊಡ್ಡ ತೊಡಕು. ನಮ್ಮ ಬ್ರಾಡ್‌ಗೇಜಿನ ಅತಿ ಬಿಗಿಯಾದ ತಿರುವಿಗೂ ೧೭೫ ಮೀಟರಿನ ತ್ರಿಜ್ಯ ಬೇಕು. ಮಾದರಿಯಲ್ಲಿ ಅದು ಎರಡು ಮೀಟರು. ಪೂರ್ತಿ ಸುತ್ತಿಗೆ ನಾಲ್ಕು ಮೀಟರಗಲದ ಜಾಗ. ಯಾವ ಗೃಹಿಣಿ ನಡುಮನೆಯನ್ನು ಬಿಟ್ಟುಕೊಟ್ಟಾಳು! ಅಂಗಡಿಯ ಹಳಿ ಮೊಳದುದ್ದದ ತ್ರಿಜ್ಯದಲ್ಲೇ ತಿರುಗಿಬಿಡುತ್ತದೆ. ಅಲ್ಲಿ ಗಾಲಿಚೌಕಟ್ಟು ಹೆಚ್ಚು ಹೊರಳಬೇಕಾಗುವುದರಿಂದ ಕೆಳಗಿನ ಮೆಟ್ಟಿಲು, ಕೊಳವೆಗಳನ್ನು ಮೊಟಕುಗೊಳಿಸುವುದುಂಟು.

ಇವೆಲ್ಲ ಅನಿವಾರ್ಯ, ಕ್ಷಮಿಸೋಣ. ಒಂದು ವಿಷಯದಲ್ಲಂತೂ ಮಾದರಿ ಸತ್ಯಕ್ಕೆ ಹತ್ತಿರವೇ ಇದೆ. ನಿಜದ ಎಂಜಿನ್ನಿನಲ್ಲೂ ಡೀಸೆಲ್ಲು ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ವಿದ್ಯುತ್ತನ್ನು ಹುಟ್ಟಿಸುತ್ತದೆ, ಗಾಲಿ ತಿರುಗುವುದು ವಿದ್ಯುತ್ ಮೋಟಾರಿನಿಂದ. ಮಾದರಿಯೂ ಮೋಟಾರಿನಿಂದಲೇ ಓಡುತ್ತದೆ. ಅದಕ್ಕೆ ವಿದ್ಯುತ್ತು ಹಳಿಯಿಂದ ಬರುತ್ತದೆ, ಅಷ್ಟೆ.

ಒಪ್ಪಲಾಗದ್ದು ಹಳಿಯ ಅಗಲ. ಎಚ್.ಒ. ಹಳಿಯ ಅಗಲ ೧೬.೫ ಮಿಲಿಮೀಟರು. ಅದನ್ನು ೮೭ರಿಂದ ಗುಣಿಸಿದರೆ ೧೪೩೫. ಅದು ಯೂರೋಪು, ಅಮೆರಿಕಗಳ ಹಾದಿ. ನಮ್ಮ ಬ್ರಾಡ್‌ಗೇಜು ೧೬೭೬. ನಮ್ಮ ಎಂಜಿನ್ನಿನ ಒಡಲನ್ನು ಆ ಹಳಿಯ ಮೇಲೆ ನಿಲ್ಲಿಸಿದರೆ ಪೈಲ್ವಾನನಿಗೆ ಸಣಕಲು ಕಾಲು ಜೋಡಿಸಿದಂತೆ ತೋರುತ್ತದೆ. ಕೃಷ್ಣರಾಜನಗರದ ಹಾದಿಯೋ, ೧೯೯೦ರ ದಶಕದವರೆಗೂ ಮೀಟರ್‌ಗೇಜು. ಆ ಕಾಲದ ವೈ.ಡಿ.ಎಂ.-೪ ಎಂಜಿನ್ನಿಗೆ ೧೬.೫ ಅತಿ ಅಗಲ. ಅದಕ್ಕೆ ಸಲ್ಲುವುದು ೧೧.೫. ಹಳೆಯದಕ್ಕೂ ಹೊಸದಕ್ಕೂ ಹೊಂದದ ಹಾದಿಯ ಮೇಲೆ ನಮ್ಮೂರ ರೈಲನ್ನು ಓಡಿಸುತ್ತಿದ್ದೇವೆ.

ಇದು ಬರಿಯ ಕುಶಾಲಿನ ತಕರಾರಲ್ಲ. ಮೀಟರ್‌ಗೇಜಿನ ಹಳಿ ಎದ್ದುಹೋಗಿದೆ. ವಿದ್ಯುತ್ ತಂತಿ ಬಂದಂತೆಲ್ಲ ಡೀಸೆಲ್ಲೂ ಹಿಂದೆ ಸರಿಯುತ್ತಿದೆ. ಮುಂದೆ ಹುಡುಗನೊಬ್ಬ ‘ತಾತ, ನಿಮ್ಮ ಕಾಲದ ರೈಲುಹಾದಿ ಎಷ್ಟಗಲವಿತ್ತು?’ ಎಂದು ಕೇಳಿದರೆ ತೋರಿಸಲು ಈ ಗೇಣುದ್ದದ ವಸ್ತುವೊಂದೇ ಮನೆಯಲ್ಲಿ ಉಳಿದಿರಬಹುದು. ಮೀಟರ್‌ಗೇಜಿನವರಿಗೆ ೧೨ ಮಿಲಿಮೀಟರಿನ ಹಳಿ ಅಂಗಡಿಯಲ್ಲೇ ಸಿಗುತ್ತದೆ, ಅದು ಸಾಕಷ್ಟು ಹತ್ತಿರ. ಬ್ರಾಡ್‌ಗೇಜು ಬೇಕೆಂಬ ಹಟದವರು ೧೯.೩ ಮಿಲಿಮೀಟರಿನ ಅಂತರವಿಟ್ಟು ಹಳಿಯನ್ನು ತಾವೇ ಕೂರಿಸಿಕೊಳ್ಳಬೇಕು, ಗಾಲಿಯ ಅಚ್ಚನ್ನೂ ಬದಲಿಸಬೇಕು.