ಒಂದು ಕಪ್ ಮುರುಗಲು ಅಂದ್ರೆ ಎಷ್ಟು ಗ್ರಾಂ?

ನೆಟ್‌ನಲ್ಲಿ ಸಿಗುವ ರೆಸಿಪಿಗಳಲ್ಲಿ ಒಂದು ಕಡೆ 'ಕಾಲು ಕೆ.ಜಿ. ಒಣದ್ರಾಕ್ಷಿ' ಅಂತಿರುತ್ತೆ, ಇನ್ನೊಂದು ಕಡೆ 'ಒಂದು ಕಪ್'. ರೂಮ್ ಮಾಡಿಕೊಂಡು ಅಡುಗೆಗಿಳಿದಿರುವ ನಮ್ಮ ಹತ್ತಿರ ತಕ್ಕಡಿ ಎಲ್ಲಿಂದ ಬರಬೇಕು? ಇರೋದು ಒಂದು ಸ್ಟೀಲ್ ಲೋಟ. ಹಾಗಾಗಿ ಮೊಬೈಲ್‌ನಲ್ಲಿ ಗ್ರಾಂ-ಕಪ್ ಪಟ್ಟಿ ಹುಡುಕ್ತೀವಿ. ಆ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬಾರದು ಅನ್ನೋದು ನಮ್ಮ ವಾದ.

ನೀರಾದರೆ ತೊಂದರೆ ಇಲ್ಲ, 200 ಮಿಲಿ ಅಂದರೆ ಹೆಚ್ಚುಕಡಿಮೆ 200 ಗ್ರಾಂ. ಒಣಹಣ್ಣು ಹಾಗಲ್ಲ. ಕಪ್ಪಿನೊಳಗೆ ಹಣ್ಣಿನ ಜೊತೆ ಗಾಳಿಯೂ ಕೂತಿರುತ್ತೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲೇ ಒಂದು ಕಪ್ ಒಣದ್ರಾಕ್ಷಿಗೆ ಎರಡು ತೂಕ ಇದೆ: ಸಡಿಲವಾಗಿ ತುಂಬಿದರೆ 145 ಗ್ರಾಂ, ಒತ್ತಿ ತುಂಬಿದರೆ 165 ಗ್ರಾಂ. ಅಂದರೆ ಅದೇ ಕಾಲು ಕೆ.ಜಿ. ಒಬ್ಬರ ಕೈಯಲ್ಲಿ ಒಂದೂವರೆ ಕಪ್, ಇನ್ನೊಬ್ಬರ ಕೈಯಲ್ಲಿ ಒಂದೂಮುಕ್ಕಾಲು ಕಪ್ ಸಮೀಪ! ಸಾಲದ್ದಕ್ಕೆ ಕಪ್ಪೂ ಒಂದೇ ಅಲ್ಲ. ಅಮೆರಿಕದ್ದು ಸುಮಾರು 237 ಮಿಲಿ, ಆಸ್ಟ್ರೇಲಿಯಾದ್ದು 250, ಜಪಾನಿನದ್ದು 200.

ಆಕಾರವೂ ಲೆಕ್ಕಕ್ಕೆ ಬರುತ್ತೆ. 2004ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಎಂ ಅಂಡ್ ಎಂ ಚಾಕಲೇಟ್ ಗುಳಿಗೆಗಳನ್ನು ಪಾತ್ರೆಗೆ ಸುರಿದು ನೋಡಿದರು. ದುಂಡನೆ ಗೋಲಿಗಳನ್ನು ಸುಮ್ಮನೆ ಸುರಿದರೆ ಅವು ಜಾಗದ ಸುಮಾರು 64 ಶೇಕಡಾ ತುಂಬುತ್ತವೆ. ಚಪ್ಪಟೆ ಗುಳಿಗೆಗಳು ಸುಮಾರು 68 ಶೇಕಡಾ ತುಂಬಿದವು.

ಈಗ ವಾನಳ್ಳಿ ಕಡೆ ಬರೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಒಣಹಣ್ಣು ಅಂದರೆ ದ್ರಾಕ್ಷಿ ಮಾತ್ರ ಅಲ್ಲ. ಮುರುಗಲು ಸಿಪ್ಪೆ ಇದೆ, ಉಪ್ಪಾಗೆ ಇದೆ, ಬಾಳೆಹಣ್ಣಿನ ಸುಕೇಳಿ ಇದೆ. ಮುರುಗಲು ಸಿಪ್ಪೆ ಒಣಗುವಾಗ ಚಿಪ್ಪಿನ ಹಾಗೆ ಮಡಚಿಕೊಳ್ಳುತ್ತೆ, ಲೋಟದಲ್ಲಿ ಅರ್ಧ ಗಾಳಿಯೇ. ಅದನ್ನೇ ಚೂರು ಮಾಡಿ ಹಾಕಿದರೆ ಅದೇ ಲೋಟಕ್ಕೆ ಎಷ್ಟೋ ಜಾಸ್ತಿ ಹಿಡಿಯುತ್ತೆ. ಸಾರು ಹುಳಿಯಾಗಿ ಬಾಯಿಗಿಡೋಕೆ ಆಗದಂತಾಗಲು ಇಷ್ಟೇ ಸಾಕು. ಹಾಗಂತ ತೂಕವೂ ಪೂರ್ತಿ ಸಾಚಾ ಅಲ್ಲ: ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತೆ. ಆಗ ಗ್ರಾಂ ಲೆಕ್ಕದಲ್ಲಿ ನೀರೂ ಸೇರಿರುತ್ತೆ.

ಹಾಗಾದರೆ ಏನು ಮಾಡೋದು? ತಕ್ಕಡಿ ಇಲ್ಲದೆಯೂ ದಾರಿ ಇದೆ. ಹೊಸ ಪ್ಯಾಕೆಟ್ ಮೇಲೆ ನಿವ್ವಳ ತೂಕ ಅಚ್ಚಾಗಿರುತ್ತೆ ಅಲ್ವಾ? ಒಡೆದ ಕೂಡಲೇ ಪೂರ್ತಿ ನಿಮ್ಮ ಲೋಟದಿಂದಲೇ ಅಳೆಯಿರಿ. ಒತ್ತಬೇಡಿ, ಕುಲುಕಬೇಡಿ. 200 ಗ್ರಾಂ ಪ್ಯಾಕೆಟ್ ಎರಡೂವರೆ ಲೋಟ ಆದರೆ, ನಿಮ್ಮ ಲೋಟಕ್ಕೆ 80 ಗ್ರಾಂ. ಅದನ್ನು ಡಬ್ಬಿ ಮುಚ್ಚಳದ ಮೇಲೆ ಬರೆದಿಡಿ. ಹಣ್ಣು ಬದಲಾದರೆ, ಇಡೀ ಹಣ್ಣು ಚೂರಾದರೆ, ಮತ್ತೆ ಅಳೆಯಿರಿ. ಲ್ಯಾಬ್‌ನಲ್ಲಿ ಕ್ಯಾಲಿಬ್ರೇಶನ್ ಅಂತ ಮಾಡ್ತೀವಲ್ಲ, ಅದೇ ಇದು.

ಇದು ಬರೀ ರೂಮಿನ ಸಾರಿನ ವಿಷಯ ಅಲ್ಲ. ಮನೆಯಲ್ಲಿ ಆಯಿ ಸಿದ್ದೆಯಲ್ಲಿ ಅಳೆಯುತ್ತಾಳೆ, ಇಲ್ಲಾಂದ್ರೆ 'ಒಂದು ಹಿಡಿ' ಅಂತಾಳೆ. ಆ ಹಿಡಿ ಅವಳ ಕೈಯದ್ದು, ಆ ಸಿದ್ದೆ ಆ ಮನೆಯದ್ದು. ನಾವು ಫೋನಿನಲ್ಲಿ ಕೇಳಿ 'ಒಂದು ಕಪ್' ಅಂತ ಟೈಪ್ ಮಾಡಿದ ಕ್ಷಣ ಅಳತೆ ಕಳೆದುಹೋಯಿತು. ಹತ್ತು ವರ್ಷದ ನಂತರ ಯಾವುದೋ ಊರಿನಲ್ಲಿ ಕೂತು ಅದನ್ನು ಓದುವವರೂ ನಾವೇ, ಆಗ ಕೇಳೋಣ ಅಂದರೆ ಆಯಿ ಹತ್ತಿರ ಇರದೇ ಇರಬಹುದು.

ಅದಕ್ಕೇ ಈ ರಜೆಗೆ ಊರಿಗೆ ಹೋಗುವವರಿಗೆಲ್ಲ ಒಂದು ಕೋರಿಕೆ. ಅವರು ಹಿಡಿ ತುಂಬಿದ ಮೇಲೆ ಪಾತ್ರೆಗೆ ಹಾಕುವ ಮೊದಲು ಒಂದು ನಿಮಿಷ ನಿಲ್ಲಿಸಿ, ತೂಕ ಮಾಡಿ. ಗ್ರಾಂ ಬರೆಯಿರಿ, ಪಕ್ಕದಲ್ಲಿ ಇಡಿಯೋ ಚೂರೋ, ಹೊಸದೋ ಹಳೆಯದೋ ಅಂತಲೂ ಬರೆಯಿರಿ. 'ಒಂದು ಹಿಡಿ' ಅನ್ನೋದನ್ನು ಮಾತ್ರ ಅಳಿಸಬೇಡಿ.