ಬೀಗ ಹಾಕಿದವನೇ ಕೀಲಿಕೈ ಮಾರುತ್ತಾನೆ

ಚುನಾವಣೆಯ ಫಲಿತಾಂಶ ಬಂದ ಸಂಜೆ ನಮ್ಮ ಓದಿದವರ ಬಾಯಲ್ಲಿ ಒಂದೇ ಮಾತು: ‘ಐನೂರು ರೂಪಾಯಿಗೆ ವೋಟು ಮಾರಿಕೊಂಡರು, ಈ ಜನ ಉದ್ಧಾರವಾಗಲ್ಲ.’ ಇದು ಬರೀ ಅಹಂಕಾರದ ಮಾತಲ್ಲ, ತಪ್ಪು ಮಾತು ಕೂಡ. ದುಡ್ಡು ಹಂಚಿಯೂ ಸೋತವರು ಪ್ರತಿ ಕ್ಷೇತ್ರದಲ್ಲೂ ಸಿಗುತ್ತಾರೆ. ಮತಯಂತ್ರದ ಮುಂದೆ ನಿಂತವರು ಯಾವ ಗುಂಡಿ ಒತ್ತಿದರೆಂದು ಯಾರೂ ಇಣುಕಿ ನೋಡುವುದಿಲ್ಲ. ಹಾಗಿರುವಾಗ ಗೆಲ್ಲಿಸಿದ್ದು ದುಡ್ಡೊಂದೇ ಹೇಗಾದೀತು?

ಗೊತ್ತಿಲ್ಲದೆ ವೋಟು ಹಾಕಿದರು ಎನ್ನೋಣವೇ? ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಜನಾರ್ದನ ರೆಡ್ಡಿಯವರನ್ನು ಸಿಬಿಐ ಬಂಧಿಸಿದ್ದು 2011ರಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಅವರು ಜೈಲಿನಲ್ಲಿದ್ದುದು ನಾಡಿಗೆಲ್ಲ ಗೊತ್ತಿತ್ತು. ಆದರೂ 2023ರಲ್ಲಿ, ಪ್ರಕರಣ ಇನ್ನೂ ಮುಗಿಯದಿರುವಾಗಲೇ, ಆಗಷ್ಟೇ ಕಟ್ಟಿದ ಪಕ್ಷದಿಂದ ನಿಂತ ಅವರನ್ನು ಗಂಗಾವತಿ ಗೆಲ್ಲಿಸಿತು. ಅಜ್ಞಾನದ ವಾದ ಇಲ್ಲಿಗೆ ಮುಗಿಯಿತು.

ಉತ್ತರ ಬೇಕಿದ್ದರೆ ತಾಲ್ಲೂಕು ಕಚೇರಿಗೆ ಹೋಗಬೇಕು. ಅಪ್ಪ ತೀರಿಕೊಂಡು ವರ್ಷವಾದರೂ ಪೌತಿ ಖಾತೆ ಆಗಿಲ್ಲ. ವಿಧವಾ ವೇತನ ನಿಂತುಹೋಗಿದೆ. ಕೇಳಿದರೆ ‘ನಾಳೆ ಬಾ’. ಸಜ್ಜನ ಅಭ್ಯರ್ಥಿ ನಿಯಮ ವಿವರಿಸುತ್ತಾನೆ. ಇವನು ಫೋನ್ ಎತ್ತುತ್ತಾನೆ. ‘ತಿಂತಾನೆ ಕಣಪ್ಪ, ಆದ್ರೆ ಕೆಲ್ಸ ಮಾಡಿಸಿಕೊಡ್ತಾನೆ’ ಎಂಬುದು ದಡ್ಡರ ಮಾತಲ್ಲ, ಅಲೆದು ಚಪ್ಪಲಿ ಸವೆದವರ ಲೆಕ್ಕಾಚಾರ. ಸರ್ಕಾರ ಕೈಕೊಟ್ಟ ಕಡೆ ಮತದಾರರು ಕಳಂಕಿತರನ್ನು ತಿಳಿದೇ ಆರಿಸುತ್ತಾರೆ ಎಂದು ಮಿಲನ್ ವೈಷ್ಣವ್ ಕೂಡ ‘ವೆನ್ ಕ್ರೈಮ್ ಪೇಸ್’ (2017) ಪುಸ್ತಕದಲ್ಲಿ ವಾದಿಸುತ್ತಾರೆ.

ಆದರೆ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಕಚೇರಿಯ ಆ ಕುರ್ಚಿಗೆ ಯಾರು ಬರಬೇಕೆಂದು ವರ್ಗಾವಣೆಗೆ ಶಿಫಾರಸು ಪತ್ರ ಕೊಡುವವನೂ ಫೋನ್ ಎತ್ತುವ ಇದೇ ನಾಯಕ. ಕೆಲಸ ತಾನಾಗಿಯೇ ಆಗುವಂತಾದರೆ ಅವನ ಮನೆ ಮುಂದೆ ಬೆಳಗ್ಗೆ ಯಾರು ನಿಲ್ಲುತ್ತಾರೆ? ಬೀಗ ಹಾಕಿದವನೇ ಕೀಲಿಕೈ ಮಾರುತ್ತಿದ್ದಾನೆ. ನಾವು ಅದನ್ನು ಉಪಕಾರವೆಂದು ಕೈಮುಗಿದು ಪಡೆಯುತ್ತಿದ್ದೇವೆ.

ಹಾಗಾಗಿ ಮತದಾರರಿಗೆ ನೀತಿಪಾಠ ಹೇಳಿ ಉಪಯೋಗವಿಲ್ಲ, ಬೀಗ ಒಡೆಯಬೇಕು. ನಮ್ಮಲ್ಲಿ 2011ರ ಸಕಾಲ ಕಾಯ್ದೆಯಿದೆ. ಅದರ ಪಟ್ಟಿಯಲ್ಲಿರುವ ಸೇವೆ ಗಡುವಿನೊಳಗೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಚುನಾವಣೆಯ ಐನೂರನ್ನು ಹಂಗಿಸುವ ನಾವು, ಹಕ್ಕಾಗಿ ಬರಬೇಕಾದ ಈ ಐನೂರಿಗೆ ಪಕ್ಕದ ಮನೆಯವರಿಗೊಂದು ಅರ್ಜಿ ಬರೆದುಕೊಟ್ಟಿದ್ದೇವೆಯೇ? ಅಷ್ಟೂ ಮಾಡದವರಿಗೆ ಜನರನ್ನು ಬೈಯುವ ಅಧಿಕಾರವಿಲ್ಲ.